ಬರೆಯದ ಸೀನಿಗೆ ಸಹಿ ಯಾರದು?

(ಮೂಡುಬಿದಿರೆಯಲ್ಲಿ ನಡೆದ ಕನ್ನಡ ಯುವಜನರ ಕೂಟದಲ್ಲಿ ಬಂಟ್ವಾಳದ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೊದಲೇ ಹೇಳಿಬಿಡುತ್ತೇನೆ. ನಾನು ಸಿನಿಮಾದವನಲ್ಲ, ಸಾಹಿತಿಯಲ್ಲ, ಪ್ರೊಫೆಸರನಂತೂ ಅಲ್ಲವೇ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಮದುವೆ ಕಾಗದ, ಬಿಲ್ ಬುಕ್ಕು, ಜಾತ್ರೆಯ ನೋಟೀಸು, ಯಕ್ಷಗಾನದ ಕರಪತ್ರ, ಚುನಾವಣೆ ಬಂದರೆ ಎಲ್ಲ ಪಕ್ಷದವರ ಸುಳ್ಳುಗಳು - ಇಪ್ಪತ್ತೈದು ವರ್ಷದಿಂದ ನಾನು ಅಚ್ಚು ಹಾಕುತ್ತಾ ಬಂದ ಸಾಹಿತ್ಯ ಇಷ್ಟೇ.

ಕನ್ನಡ ಸಿನಿಮಾದ ಬಗ್ಗೆ ನಾಲ್ಕು ಮಾತಾಡಿ ಎಂದು ಸಂಘಟಕರು ಕರೆದರು. ವಿಷಯ ಯಾವುದು ಎಂದೆ. ನಿಮಗೆ ತೋಚಿದ್ದು ಎಂದರು. ನನಗೆ ತೋಚಿದ್ದನ್ನು ಹೇಳಿದ ಕೂಡಲೇ ಅವರ ಮುಖ ಸ್ವಲ್ಪ ಕಪ್ಪಿಟ್ಟಿತು. ನಾನು ಹೇಳಿದ್ದು, ಬಯಕೆಯೂ ಕೊಲೆಯೂ ಒಟ್ಟಿಗೆ ಇರುವ ಸಿನಿಮಾದ ಬಗ್ಗೆ. ಇಂಗ್ಲಿಷಿನವರು ಎರೋಟಿಕ್ ಥ್ರಿಲ್ಲರ್ ಎನ್ನುತ್ತಾರಲ್ಲ, ಅದರ ಬರವಣಿಗೆ, ನಿರ್ದೇಶನ, ನಟನೆಯ ಬಗ್ಗೆ. "ಸಭೆಯಲ್ಲಿ ಹೆಣ್ಣುಮಕ್ಕಳು ಇರುತ್ತಾರಲ್ಲ ಮಾರಾಯ್ರೇ" ಎಂದರು. ಅವರು ಇರುತ್ತಾರೆ ಎಂದೇ ಮಾತಾಡಬೇಕು ಎಂದೆ. ಒಪ್ಪಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಇದು ನಮ್ಮದಲ್ಲದ ಸರಕು, ಪರದೇಶದ ಕೊಳಕು ಎಂದು ಹೇಳುವವರು ಉಂಟು. ನಾನು ಒಪ್ಪುವುದಿಲ್ಲ. ಈ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಯಲುಗಳಲ್ಲಿ ನಾವೆಲ್ಲ ಚಿಕ್ಕಂದಿನಿಂದ ಭಸ್ಮಾಸುರ ಮೋಹಿನಿ ಆಟ ನೋಡಿಕೊಂಡೇ ಬೆಳೆದವರು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿ. ಅಂಥ ವರ ಪಡೆದ ಅಸುರನ ಎದುರು ಮೋಹಿನಿ ಕುಣಿಯುತ್ತಾಳೆ. ಅವನು ಅವಳ ಹಿಂದೆ ಹಿಂದೆ ಕುಣಿಯುತ್ತಾನೆ. ಅವಳ ಕೈ ಎಲ್ಲಿ ಹೋದರೆ ಅವನ ಕೈ ಅಲ್ಲಿ. ಕೊನೆಗೆ ಅವಳು ತನ್ನ ತಲೆ ಮುಟ್ಟಿಕೊಳ್ಳುತ್ತಾಳೆ. ಇವನೂ ಮುಟ್ಟಿಕೊಳ್ಳುತ್ತಾನೆ. ಮುಗಿಯಿತು. ಆ ಕೈ ತಲೆಯ ಹತ್ತಿರ ಬರುವಾಗ ನಿದ್ದೆಗಣ್ಣಿನ ಮುದುಕರೂ ಎದ್ದು ಕೂರುವುದನ್ನು ನಾನು ಕಂಡಿದ್ದೇನೆ. ಆ ಮೋಹಿನಿ ಗಂಡಸು, ಮೈತುಂಬ ಬಟ್ಟೆ, ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದೂ ಇಲ್ಲ. ಆದರೂ ಸಭೆಯಲ್ಲಿ ಉಸಿರು ನಿಲ್ಲುತ್ತದೆ. ಮೋಹವೇ ಬಲೆ, ಮೋಹವೇ ಸಾವು. ಈ ಜಾತಿಯ ಕಥೆಯ ಗುಟ್ಟು ಇಷ್ಟೇ, ಇದನ್ನು ನಮಗೆ ಹಾಲಿವುಡ್ಡಿನವರು ಕಲಿಸಬೇಕಾಗಿಲ್ಲ.

ಇನ್ನು ಕನ್ನಡ ಸಿನಿಮಾಕ್ಕೆ ಬರೋಣ. ೨೦೦೬ರಲ್ಲಿ ರವಿ ಶ್ರೀವತ್ಸ ನಿರ್ದೇಶನದ 'ಗಂಡ ಹೆಂಡತಿ' ಬಂತು. ನಾಯಕಿ ಸಂಜನಾ, ಆಗ ಹೊಸ ಮುಖ. ದಾರಿ ತಪ್ಪಿದ ಹೆಂಡತಿ, ಅನುಮಾನಪಡುವ ಗಂಡ, ನಡುವೆ ಒಬ್ಬ ಪ್ರಿಯಕರ, ಕೊಲೆಯ ನೆರಳು. ಅದು ೨೦೦೪ರ ಹಿಂದಿ 'ಮರ್ಡರ್' ಚಿತ್ರದ ರೀಮೇಕು. ಅನುರಾಗ್ ಬಸು ಮಾಡಿದ ಆ ಹಿಂದಿ ಚಿತ್ರ ಎಳೆ ಹಿಡಿದದ್ದು ೨೦೦೨ರ ಇಂಗ್ಲಿಷ್ ಚಿತ್ರ 'ಅನ್‌ಫೇತ್‌ಫುಲ್'ನಿಂದ. ಅದರ ನಿರ್ದೇಶಕ ಏಡ್ರಿಯನ್ ಲೈನ್ ಅದನ್ನು ತೆಗೆದದ್ದು ೧೯೬೯ರಲ್ಲಿ ಕ್ಲೋದ್ ಶಾಬ್ರೋಲ್ ಮಾಡಿದ ಫ್ರೆಂಚ್ ಚಿತ್ರದಿಂದ. ಪ್ಯಾರಿಸಿನಿಂದ ಹಾಲಿವುಡ್ಡು, ಹಾಲಿವುಡ್ಡಿನಿಂದ ಮುಂಬೈ, ಮುಂಬೈಯಿಂದ ಬೆಂಗಳೂರು. ಕನ್ನಡಕ್ಕೆ ಬರುವಾಗ ಅದು ನಾಲ್ಕನೇ ಕೈ.

ಪ್ರೆಸ್ಸಿನವನಿಗೆ ಒಂದು ಸಂಗತಿ ಗೊತ್ತಿರುತ್ತದೆ. ಜೆರಾಕ್ಸಿನ ಜೆರಾಕ್ಸು, ಅದರ ಇನ್ನೊಂದು ಜೆರಾಕ್ಸು ತೆಗೆಯುತ್ತಾ ಹೋದರೆ ಸಣ್ಣ ಅಕ್ಷರಗಳು ಅಳಿಸಿಹೋಗುತ್ತವೆ, ಕಪ್ಪು ಕಲೆಗಳು ಮಾತ್ರ ದಪ್ಪವಾಗುತ್ತವೆ. ರೀಮೇಕು ಕಥೆಯೂ ಹಾಗೆಯೇ. ಹೆಂಡತಿಗೆ ಯಾಕೆ ಹಾಗನಿಸಿತು, ಗಂಡ ಯಾಕೆ ಬಾಯಿ ಬಿಡಲಿಲ್ಲ ಎನ್ನುವ ಸಣ್ಣ ಅಕ್ಷರಗಳು ಪ್ರತಿ ಕೈಯಲ್ಲೂ ಅಳಿಸುತ್ತಾ ಬರುತ್ತವೆ. ದಪ್ಪವಾಗಿ ಉಳಿಯುವುದು ಪೋಸ್ಟರಿಗೆ ಬೇಕಾದ ಮೈ ಮಾತ್ರ.

ಸ್ವಾಮಿ, ಈ ಕಥೆ ಹುಡುಕಿಕೊಂಡು ಪ್ಯಾರಿಸಿಗೆ ಹೋಗಬೇಕಿತ್ತೇ? ಕ್ರಿ.ಶ. ೧೨೦೯ರಲ್ಲಿ, ಹೊಯ್ಸಳರ ಕಾಲದಲ್ಲಿ, ಕವಿ ಜನ್ನ 'ಯಶೋಧರ ಚರಿತೆ' ಮುಗಿಸಿದ. ಈ ಊರಿನ ಬಸದಿಗಳ ಸುತ್ತಮುತ್ತ ಬೆಳೆದವರಿಗೆ ಅದು ಹೊಸ ಹೆಸರೇನಲ್ಲ. ಕಥೆ ನೋಡಿ. ರಾಜ ಯಶೋಧರ, ರಾಣಿ ಅಮೃತಮತಿ. ಒಂದು ರಾತ್ರಿ ಕೊನೆಗೆ ಮಾವುತನೊಬ್ಬನ ಹಾಡು ರಾಣಿಯ ಕಿವಿಗೆ ಬೀಳುತ್ತದೆ. ಮುಖ ಕಾಣುವ ಮೊದಲೇ ಅವಳು ಆ ದನಿಗೆ ಸೋತಿದ್ದಾಳೆ. ಅವನು ಕುರೂಪಿ ಎಂದು ಆಮೇಲೆ ಗೊತ್ತಾಗುತ್ತದೆ. ಗೊತ್ತಾದರೂ ಮನಸ್ಸು ಹಿಂದೆ ಬರುವುದಿಲ್ಲ. ದಿನವೂ ರಾತ್ರಿ ಎದ್ದು ಹೋಗುತ್ತಾಳೆ. ರಾಜನಿಗೆ ಅನುಮಾನ. ಒಂದು ರಾತ್ರಿ ನಿದ್ದೆ ಬಂದವನಂತೆ ಮಲಗಿ, ಅವಳ ಹಿಂದೆಯೇ ಹೋಗುತ್ತಾನೆ. ಮರೆಯಲ್ಲಿ ನಿಂತು ನೋಡುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹೊಡೆಯುತ್ತಾನೆ, ಅವಳು ಅವನ ಕಾಲು ಹಿಡಿಯುತ್ತಾಳೆ. ರಾಜನ ಕೈ ಕತ್ತಿಗೆ ಹೋಗುತ್ತದೆ. ಎತ್ತಿದ ಕತ್ತಿಯನ್ನು ತಡೆದುಕೊಂಡು ವಾಪಸು ಬಂದು ಮಲಗುತ್ತಾನೆ.

ಮರುದಿನ ಸರಸವಾಡುವವನಂತೆ ನೈದಿಲೆ ಹೂವಿನಿಂದ ಅವಳನ್ನು ಹೊಡೆಯುತ್ತಾನೆ. ಅವಳು ನೋವಾದವಳಂತೆ ಮೂರ್ಛೆ ಹೋಗುತ್ತಾಳೆ. ರಾತ್ರಿ ಮಾವುತನ ಏಟು ತಿಂದು ಸುಮ್ಮನಿದ್ದವಳು ಹಗಲು ಹೂವಿನ ಏಟಿಗೆ ಬೀಳುತ್ತಾಳೆ! ರಾಜನಿಗೂ ಗೊತ್ತು, ಓದುವ ನಮಗೂ ಗೊತ್ತು. ಅವಳಿಗೆ ಮಾತ್ರ, ತಾನು ಸಿಕ್ಕಿಬಿದ್ದಿದ್ದೇನೆ ಎನ್ನುವುದು ಇನ್ನೂ ಖಾತ್ರಿಯಿಲ್ಲ. ಕೊನೆಗೆ ಅವಳು ಊಟದಲ್ಲಿ ವಿಷ ಹಾಕಿ ಗಂಡನನ್ನೂ ಅತ್ತೆಯನ್ನೂ ಕೊಲ್ಲುತ್ತಾಳೆ. ಇದಕ್ಕಿಂತ ದೊಡ್ಡ ಥ್ರಿಲ್ಲರ್ ಯಾವುದು? ಎಂಟುನೂರು ವರ್ಷ ಹಿಂದೆ ನಮ್ಮ ಕನ್ನಡದಲ್ಲಿ ಆಗಿಹೋಗಿದೆ. ಗಿರೀಶ್ ಕಾರ್ನಾಡರು ಇದೇ ಕಥೆಯಿಂದ 'ಹಿಟ್ಟಿನ ಹುಂಜ' ನಾಟಕ ಬರೆದರು. ಇದೇ ಮೂಡುಬಿದಿರೆಯ ರತ್ನಾಕರವರ್ಣಿ 'ಭರತೇಶ ವೈಭವ'ದಲ್ಲಿ ಭೋಗವನ್ನೂ ಯೋಗವನ್ನೂ ಒಂದೇ ಕಾವ್ಯದಲ್ಲಿ ಕೂರಿಸಿದ. ನಮ್ಮ ಹಿರಿಯರು ಬಯಕೆಯ ಬಗ್ಗೆ ಬರೆಯಲು ನಾಚಿದವರಲ್ಲ. ನಾಚಿಕೆ ಬಂದದ್ದು ನಮಗೆ.

ಜನ್ನನಿಂದ ಬರವಣಿಗೆಯ ಪಾಠ ಏನು? ಪ್ರತಿ ಹೆಜ್ಜೆ ಬರೆದಿದೆ. ಯಾರು ಎಲ್ಲಿ ನಿಂತಿದ್ದರು, ಯಾರಿಗೆ ಏನು ಗೊತ್ತಿತ್ತು, ಯಾರ ಕೈ ಎಲ್ಲಿಗೆ ಹೋಗಿ ಎಲ್ಲಿ ನಿಂತಿತು, ಎಲ್ಲ ಬರೆದಿದೆ. ನಮ್ಮ ಕೆಲವು ಚಿತ್ರಕಥೆಗಳಲ್ಲಿ ಆ ಜಾಗಕ್ಕೆ ಬಂದಾಗ ಒಂದೇ ಸಾಲು ಇರುತ್ತದೆಂದು ಸಿನಿಮಾದ ಗೆಳೆಯರು ಹೇಳುತ್ತಾರೆ: "ಇಲ್ಲಿ ಒಂದು ಹಾಟ್ ಸೀನ್." ಜಗಳವಾದರೆ ಮೂರು ಪುಟ ಡೈಲಾಗು. ಫೈಟಾದರೆ ಮಾಸ್ಟರು ಬಂದು ಪ್ರತಿ ಏಟು ಲೆಕ್ಕ ಹಾಕುತ್ತಾರೆ. ಹಾಡಾದರೆ ಪ್ರತಿ ಹೆಜ್ಜೆ ಕಲಿಸುತ್ತಾರೆ. ಒಬ್ಬ ಹೆಣ್ಣು, ಒಬ್ಬ ಗಂಡು ಹತ್ತಿರ ಬರುವ ಸೀನಿಗೆ ಮಾತ್ರ ಒಂದು ಸಾಲು. ಉಳಿದದ್ದು ಸೆಟ್ಟಿನಲ್ಲಿ ನೋಡಿಕೊಳ್ಳೋಣ.

ಸೆಟ್ಟಿನಲ್ಲಿ ನೋಡಿಕೊಳ್ಳುವುದೆಂದರೆ ಯಾರು ನೋಡಿಕೊಳ್ಳುವುದು? ನಿರ್ದೇಶಕ ಹೇಳುತ್ತಾನೆ, ಹುಡುಗಿ ಮಾಡಬೇಕು. ಸುತ್ತ ಲೈಟಿನವರಿಂದ ಹಿಡಿದು ಊಟ ತಂದವರ ತನಕ ನಿಂತಿರುತ್ತಾರೆ. ಬೇಡ ಎಂದರೆ "ಈಕೆ ಬೋಲ್ಡ್ ಅಲ್ಲ" ಎಂಬ ಹೆಸರು. ಈ 'ಬೋಲ್ಡ್' ಎಂಬ ಪದ ಗಮನಿಸಿ. ಕನ್ನಡದಲ್ಲಿ ಅದರ ಅರ್ಥ ಧೈರ್ಯ. ಯಾರ ಧೈರ್ಯ? ಧೈರ್ಯ ಹುಡುಗಿಯದ್ದು, ಲಾಭ ಇನ್ನೊಬ್ಬರದ್ದು. ಹಾಟ್, ಬೋಲ್ಡ್, ಗ್ಲಾಮರ್ - ಈ ಇಂಗ್ಲಿಷ್ ಪದಗಳು ಒಂದು ಪರದೆ. ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ: "ನೀವು ಇಂಥವರನ್ನು ಇಷ್ಟು ಸಲ ಚುಂಬಿಸಬೇಕು, ನಿಮ್ಮ ಬೆನ್ನು ಇಷ್ಟು ಕಾಣುತ್ತದೆ, ಕೋಣೆಯಲ್ಲಿ ಇಷ್ಟು ಜನ ಇರುತ್ತಾರೆ." ಹೀಗೆ ಹೇಳಿದರೆ ಅವಳು ಆಗಲಿ ಎನ್ನಬಹುದು, ಆಗುವುದಿಲ್ಲ ಎನ್ನಲೂಬಹುದು. ಸ್ಪಷ್ಟವಾಗಿ ಹೇಳದ ಮಾತಿಗೆ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಭಾಷೆಯ ಹಕ್ಕು ಎಂದರೆ ಬರೇ ಬೋರ್ಡಿನ ಮೇಲಿನ ಕನ್ನಡವಲ್ಲ ತಮ್ಮಂದಿರೇ. ನಮಗೆ ಏನು ಮಾಡುತ್ತಾರೆಂದು ನಮ್ಮ ಭಾಷೆಯಲ್ಲಿ ಮೊದಲೇ ತಿಳಿಯುವ ಹಕ್ಕು ಕೂಡ ಭಾಷೆಯ ಹಕ್ಕೇ.

'ಗಂಡ ಹೆಂಡತಿ' ಬಂದು ಹನ್ನೆರಡು ವರ್ಷದ ಮೇಲೆ, ೨೦೧೮ರ ಅಕ್ಟೋಬರಿನಲ್ಲಿ, ಸಂಜನಾ ಬಾಯಿ ಬಿಟ್ಟರು. ತಾನಾಗ ತೀರ ಚಿಕ್ಕವಳು, ಹೊಸಬಳು, ಮೊದಲು ಹೇಳಿದ್ದಕ್ಕಿಂತ ಹೆಚ್ಚು ಚುಂಬನದ ದೃಶ್ಯ ಮಾಡಿಸಿದರು ಎಂದರು. ನಿರ್ದೇಶಕರು ಅದನ್ನು ಪೂರ್ತಿ ಅಲ್ಲಗಳೆದರು. ಗಲಾಟೆಯಾಯಿತು. ಕೊನೆಗೆ ನಟಿ ಕ್ಷಮೆ ಕೇಳಿದರು. ಯಾರದು ಸರಿ ಎಂದು ತೀರ್ಪು ಕೊಡಲು ನಾನು ಜಡ್ಜಲ್ಲ. ನನ್ನದು ಪ್ರೆಸ್ಸಿನವನ ಪ್ರಶ್ನೆ. ಒಬ್ಬರು ಇಷ್ಟು ಎಂದರು, ಇನ್ನೊಬ್ಬರು ಅಲ್ಲ ಎಂದರು. ಎಷ್ಟು, ಏನು ಎಂದು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದರೆ ಈ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲವಲ್ಲ?

ಇದು ಕನ್ನಡದ ರೋಗ ಮಾತ್ರವಲ್ಲ. ಈ ಜಾತಿಯ ಸಿನಿಮಾಗಳಲ್ಲಿ ಜಗತ್ತೇ ಹೆಸರು ಹೇಳುವುದು ೧೯೯೨ರ 'ಬೇಸಿಕ್ ಇನ್‌ಸ್ಟಿಂಕ್ಟ್'. ಅದರ ಪೊಲೀಸ್ ವಿಚಾರಣೆಯ ಸೀನು ಎಲ್ಲರಿಗೂ ಗೊತ್ತು. ತೆರೆಯ ಮೇಲೆ ಏನು ಕಾಣುತ್ತದೆಂದು ತನಗೆ ಹೇಳಿದ್ದೇ ಬೇರೆ, ಪೂರ್ತಿಯಾದ ಚಿತ್ರವನ್ನು ಒಂದು ಕೋಣೆ ತುಂಬ ಜನರ ನಡುವೆ ಕೂತು ನೋಡುವಾಗಲೇ ತನಗೆ ಗೊತ್ತಾದದ್ದು ಎಂದು ನಾಯಕಿ ಶರೋನ್ ಸ್ಟೋನ್ ೨೦೨೧ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಿರ್ದೇಶಕ ಪಾಲ್ ವೆರ್‌ಹೋವೆನ್ ಅದನ್ನು ಒಪ್ಪುವುದಿಲ್ಲ. ಅಲ್ಲಿಯೂ ಅದೇ ಜಗಳ. ಅಷ್ಟು ದೊಡ್ಡ ಹಾಲಿವುಡ್ಡಿನಲ್ಲೂ ಪ್ರೂಫ್ ತೋರಿಸದೆ ಅಚ್ಚು ಹಾಕಿದ್ದಾರೆ!

ಪ್ರೂಫ್ ಎಂದೆ. ಈಗ ನನ್ನ ತಪ್ಪು ಹೇಳಬೇಕು. ಇದನ್ನು ಹೇಳುವುದಕ್ಕೇ ನಾನು ಈ ವಿಷಯ ಆರಿಸಿದ್ದು.

ನಮ್ಮ ಪ್ರೆಸ್ಸಿಗೆ ಡಿಟಿಪಿ ಬಂದ ಹೊಸತು. ಬೆಳ್ತಂಗಡಿ ಕಡೆಯ ಒಂದು ಜಾತ್ರೆಗೆ ನಾಟಕದ ಕಂಪನಿಯೊಂದು ಬಂದಿತ್ತು. ಅದರ ಮ್ಯಾನೇಜರು ನೋಟೀಸು ಮಾಡಿಸಲು ಬಂದ. ನಾಟಕದ ನಾಯಕಿಯ ಒಂದು ಫೋಟೋ ಕೊಟ್ಟ. ಮುಖ ಮಾತ್ರ ಇದರಿಂದ ತೆಗೆಯಿರಿ, ಕೆಳಗಿನದ್ದು ಇದರಿಂದ ಹಾಕಿ ಎಂದು ಒಂದು ಇಂಗ್ಲಿಷ್ ಮ್ಯಾಗಜಿನ್ನಿನ ಪುಟವನ್ನೂ ಕೊಟ್ಟ. ಕಂಪ್ಯೂಟರಿನಲ್ಲಿ ಹೊಸತಾಗಿ ಕಲಿತ ವಿದ್ಯೆ, ನನಗೂ ಹುಮ್ಮಸ್ಸು. ಚೆನ್ನಾಗಿ ಕೂರಿಸಿದೆ. ಮೇಲೆ 'ವಯಸ್ಕರಿಗೆ ಮಾತ್ರ' ಎಂದು ಹಾಕಿದೆ. ನಾಟಕದಲ್ಲಿ ಅಂಥದ್ದು ಏನೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಮ್ಮಲ್ಲಿ ಅಪ್ಪನ ಕಾಲದಿಂದಲೂ ಒಂದು ನಿಯಮ. ಪ್ರೂಫಿಗೆ ಸಹಿ ಬೀಳದೆ ಮಿಷನ್ನಿಗೆ ಹಾಕುವ ಹಾಗಿಲ್ಲ. ಮ್ಯಾನೇಜರು ಸಹಿ ಹಾಕಿದ. ಎರಡು ಸಾವಿರ ಕಾಪಿ ಹೊಡೆದೆ.

ಮೂರನೇ ದಿನ ಬೆಳಿಗ್ಗೆ ಒಬ್ಬಳು ಹೆಂಗಸು ಪ್ರೆಸ್ಸಿಗೆ ಬಂದಳು. ಹತ್ತಿ ಸೀರೆ, ಕೈಯಲ್ಲಿ ನಮ್ಮ ನೋಟೀಸು. ಬೈಯಲಿಲ್ಲ, ಅಳಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದಳು:

"ಅಣ್ಣಾ, ಈ ಮುಖ ನನ್ನದು. ಈ ಮೈ ಯಾರದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಹಿ ಹಾಕಿದ ಪ್ರೂಫ್ ಡ್ರಾಯರಿನಲ್ಲಿತ್ತು. ತೆಗೆದು ತೋರಿಸಿದೆ. ಎಂಥ ಮೂರ್ಖ ನಾನು! ಅವಳು ನೋಡಿ, "ಇದರಲ್ಲಿ ನನ್ನ ಸಹಿ ಎಲ್ಲಿ ಉಂಟು?" ಎಂದಳು. ಅವಳ ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಳಂತೆ. ಅಲ್ಲಿಗೂ ಒಂದು ನೋಟೀಸು ತಲುಪಿತ್ತಂತೆ. ಇಷ್ಟು ಹೇಳಿ ಹೋದಳು. ಉಳಿದಿದ್ದ ಮುನ್ನೂರು ಕಾಪಿಯನ್ನು ಅಂದೇ ಕಟಿಂಗ್ ಮಿಷನ್ನಿಗೆ ಹಾಕಿದೆ. ಆದರೆ ಹಂಚಿ ಆದದ್ದನ್ನು ಕತ್ತರಿಸುವ ಮಿಷನ್ ಯಾವ ಪ್ರೆಸ್ಸಿನಲ್ಲೂ ಇಲ್ಲ.

೨೦೨೩ರ ನವೆಂಬರಿನಲ್ಲಿ ನಮ್ಮ ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬಳ ಮೈಗೆ ಅಂಟಿಸಿದ ವಿಡಿಯೋ ದೇಶವೆಲ್ಲ ಸುತ್ತಿತು. ೨೦೨೪ರ ಜನವರಿಯಲ್ಲಿ ಅದನ್ನು ಮಾಡಿದವನನ್ನು ದೆಹಲಿ ಪೊಲೀಸರು ಹಿಡಿದರು. ಆ ಸುದ್ದಿ ಓದುವಾಗ ನನಗೆ ಹತ್ತಿ ಸೀರೆಯ ಆ ಹೆಂಗಸಿನ ನೆನಪಾಯಿತು. ಆ ಹುಡುಗ ಮೊಬೈಲಿನ ಕಾಲದಲ್ಲಿ ಮಾಡಿದ್ದನ್ನು ನಾನು ನೋಟೀಸಿನ ಕಾಲದಲ್ಲಿ ಮಾಡಿದ್ದೆ. ಅವನನ್ನು ಹಿಡಿದರು, ನನಗೆ ಬಿಲ್ಲು ಪಾವತಿಯಾಯಿತು.

ಹಾಗಾದರೆ ಇಂಥ ಸಿನಿಮಾವೇ ಬೇಡವೇ? ಬೇಕು ಎನ್ನುವವನು ನಾನು. ಒಳ್ಳೆಯದಾಗಿ ಮಾಡಿದರೆ ಅದು ಮನುಷ್ಯನ ಮನಸ್ಸಿನ ಒಳಕೋಣೆ ತೋರಿಸುತ್ತದೆ. ಆಗಲೇ ಹೇಳಿದ 'ಅನ್‌ಫೇತ್‌ಫುಲ್' ಚಿತ್ರದಲ್ಲಿ ಜನ ಇವತ್ತಿಗೂ ನೆನಪಿಡುವುದು ಹಾಸಿಗೆಯನ್ನಲ್ಲ, ರೈಲನ್ನು. ಪ್ರಿಯಕರನ ಮನೆಯಿಂದ ಹೊರಟ ಹೆಂಡತಿ ರೈಲಿನಲ್ಲಿ ಒಬ್ಬಳೇ ಕೂತಿದ್ದಾಳೆ. ನಗುತ್ತಾಳೆ, ಕೂಡಲೇ ಅಳು ಬರುತ್ತದೆ, ನಾಚಿಕೆ, ಹೆದರಿಕೆ, ಮತ್ತೆ ಏನೋ ನೆನಪಾಗಿ ನಗು. ಮಾತಿಲ್ಲ. ಡಯೇನ್ ಲೇನ್ ಆ ಪಾತ್ರಕ್ಕೆ ಆಸ್ಕರ್‌ಗೆ ನಾಮಕರಣಗೊಂಡರು. ನಟನೆ ಎಂದರೆ ಅದು. ಆ ಮುಖದ ಮೇಲೆ ಕ್ಯಾಮೆರಾ ಇಟ್ಟು ಸುಮ್ಮನೆ ಕಾದದ್ದು ನಿರ್ದೇಶನ. ನಮ್ಮ ಮೋಹಿನಿ ವೇಷದವರು ಕಣ್ಣಲ್ಲೇ ಮಾಡುವುದೂ ಅದನ್ನೇ ತಾನೇ?

ನಮ್ಮವರೇ ಒಬ್ಬರಿದ್ದರು. ಕುಂದಾಪುರದ ಹತ್ತಿರ ಕೋಟೇಶ್ವರದ ಕಾಶೀನಾಥ್. ೧೯೭೮ರಲ್ಲಿ 'ಅಪರಿಚಿತ' ಎಂಬ ಥ್ರಿಲ್ಲರ್ ಮಾಡಿದರು. ೧೯೮೪ರಲ್ಲಿ ಗಂಡು ಹೆಣ್ಣಿನ ಸಂಬಂಧದ ಬಗ್ಗೆ 'ಅನುಭವ' ಮಾಡಿ ತಾವೇ ನಾಯಕರಾಗಿಯೂ ನಟಿಸಿದರು. ಬೈದವರು ಬಹಳ, ನೋಡಿದವರು ಅದಕ್ಕಿಂತ ಬಹಳ. ಅವರ ಎರಡರ್ಥದ ಮಾತುಗಳೆಲ್ಲ ನನಗೆ ಹಿಡಿಸುತ್ತವೆ ಎಂದೇನೂ ಅಲ್ಲ. ಆದರೆ ಒಂದು ಲೆಕ್ಕ ನೋಡಿ. 'ಅಪರಿಚಿತ' ಹಿಂದಿಗೆ ಹೋಯಿತು, 'ಅನುಭವ' ಹಿಂದಿಗೆ ಹೋಯಿತು, ಹಿಂದಿಯಲ್ಲಿ ನಿರ್ದೇಶಿಸಿದವರೂ ಕಾಶೀನಾಥರೇ. ನಾವು ಹಿಂದಿಯಿಂದ ತರುವುದಲ್ಲ, ಅವರು ಕನ್ನಡದಿಂದ ಒಯ್ದದ್ದು. ಯಾಕೆಂದರೆ ಕಥೆ ಇಲ್ಲಿ ಬರೆದದ್ದು. ಉಪೇಂದ್ರ ಬಂದದ್ದೂ, ನಮ್ಮ ಬಂಟ್ವಾಳ ತಾಲೂಕಿನ ವಿಟ್ಲದ ವಿ. ಮನೋಹರ್ ಬಂದದ್ದೂ ಅವರ ಗರಡಿಯಿಂದಲೇ. ೨೦೧೮ರ ಜನವರಿಯಲ್ಲಿ ಅವರು ತೀರಿಕೊಂಡರು.

'ಅನುಭವ'ದಲ್ಲಿ ಊರವರು ಹಗುರವಾಗಿ ಮಾತಾಡುವ ಹೆಂಗಸಿನ ಪಾತ್ರ ಮಾಡಿದವರು ಉಮಾಶ್ರೀ. ಆ ಪಾತ್ರಕ್ಕೆ ಅವರನ್ನೂ ಆಡಿಕೊಂಡವರು ಎಷ್ಟು ಜನವೋ. ಅದೇ ಉಮಾಶ್ರೀ ವೈದೇಹಿಯವರ ಕಥೆಯನ್ನು ಆಧರಿಸಿದ 'ಗುಲಾಬಿ ಟಾಕೀಸ್'ಗೆ ರಾಷ್ಟ್ರದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು, ೨೦೧೩ರಿಂದ ೨೦೧೮ರ ತನಕ ಕರ್ನಾಟಕದ ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು. ಪಾತ್ರ ಹಗುರವಾದರೆ ನಟಿ ಹಗುರವಲ್ಲ. ಇದನ್ನು ಮನೆಯ ಗೋಡೆಯ ಮೇಲೆ ಬರೆದಿಡಿ.

ನಮ್ಮ ಸಂಘಟನೆಗಳ ಬಗ್ಗೆಯೂ ಒಂದು ಮಾತು, ಸಿಟ್ಟಾಗಬೇಡಿ. ಅಶ್ಲೀಲ ಪೋಸ್ಟರ್ ಎಂದು ಮಸಿ ಬಳಿಯಲು ಹೊರಡುವವರು ಮಸಿ ಬಳಿಯುವುದು ಎಲ್ಲಿಗೆ? ನಟಿಯ ಮುಖಕ್ಕೆ. ಅದೇ ಪೋಸ್ಟರಿನ ಕೆಳಗೆ ನಿರ್ಮಾಪಕನ ಹೆಸರು ಉಂಟು, ನಿರ್ದೇಶಕನ ಹೆಸರು ಉಂಟು, ತೀರ ಸಣ್ಣ ಅಕ್ಷರದಲ್ಲಿ ನನ್ನಂಥ ಪ್ರೆಸ್ಸಿನವನ ಹೆಸರೂ ಉಂಟು. ಅಲ್ಲಿಗೆ ಒಂದು ಹನಿಯೂ ಬೀಳುವುದಿಲ್ಲ. ಮಸಿಯ ಬದಲು ಪ್ರಶ್ನೆ ಹಿಡಿದು ಹೋಗಿ. ಈ ಚಿತ್ರವನ್ನು ಆಕೆಗೆ ತೋರಿಸಿದ್ದೀರಾ ಎಂದು ಕೇಳಿ.

ಕೇಳುವ ಕಾಲ ಬಂದಿದೆ. ೨೦೨೪ರ ಆಗಸ್ಟಿನಲ್ಲಿ ಕೇರಳದ ಹೇಮಾ ಸಮಿತಿಯ ವರದಿ ಹೊರಬಂತು. ಮರುತಿಂಗಳು ಕನ್ನಡ ಚಿತ್ರರಂಗದ 'ಫೈರ್' ಸಂಘಟನೆಯವರು ನಮ್ಮಲ್ಲೂ ಅಂಥ ಸಮಿತಿ ಬೇಕು ಎಂದು ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಅಮೆರಿಕದ ಎಚ್‌ಬಿಒ ಕಂಪನಿ ೨೦೧೮ರಿಂದ ಇಂಥ ಸೀನುಗಳಿಗೆಂದೇ ಒಬ್ಬರನ್ನು ಇಡುತ್ತಾ ಬಂದಿದೆ, ಇಂಟಿಮಸಿ ಕೋಆರ್ಡಿನೇಟರ್ ಎಂದು ಹೆಸರು. ಫೈಟಿಗೆ ಮಾಸ್ಟರು ಇದ್ದ ಹಾಗೆ ಇದಕ್ಕೂ ಒಬ್ಬರು. ೨೦೨೨ರ ಹಿಂದಿ 'ಗೆಹರಾಯಿಯಾಂ' ಚಿತ್ರಕ್ಕೂ ಇಂಥ ಕೆಲಸಕ್ಕೆ ಬೇರೆಯೇ ನಿರ್ದೇಶಕಿ ಇದ್ದರು.

ನಿಮ್ಮಲ್ಲಿ ಮೊಬೈಲಿನಲ್ಲೇ ಕಿರುಚಿತ್ರ ಮಾಡುವವರು ಇದ್ದೀರಿ, ನಾಳೆ ಬೆಂಗಳೂರಿಗೆ ಹೋಗಿ ಸಿನಿಮಾ ಮಾಡುವವರೂ ಇದ್ದೀರಿ. ನಿಮ್ಮ ಹತ್ತಿರ ನಾನು ಬೇಡುವುದು ಇಷ್ಟು. ಕಥೆಯನ್ನು ನಾಲ್ಕನೇ ಕೈಯಿಂದ ತರಬೇಡಿ, ಜನ್ನನ ಮನೆ ಹತ್ತಿರವೇ ಉಂಟು. ಬಯಕೆಯ ಸೀನನ್ನು ಪೂರ್ತಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಬರೆಯಲು ನಾಚಿಕೆಯಾದರೆ ತೆಗೆಯಲೂ ನಿಮಗೆ ಹಕ್ಕಿಲ್ಲ. ಹದಿನೆಂಟು ತುಂಬದವರನ್ನು ಅದರ ಹತ್ತಿರವೂ ತರಬೇಡಿ. ಕರಾರು ಪತ್ರ ನಟಿಗೆ ಓದಲು ಬರುವ ಭಾಷೆಯಲ್ಲಿರಲಿ. ಬೇಡ ಎಂದರೆ ನಿಲ್ಲಿಸುತ್ತೇವೆ ಎಂಬ ಸಾಲು ಅದರಲ್ಲಿರಲಿ. ಕೊನೆಗೆ ಪೋಸ್ಟರಿನ ಪ್ರೂಫನ್ನೂ ಅವಳಿಗೆ ತೋರಿಸಿ.

ಆ ಜಾತ್ರೆಯ ನಂತರ ನಮ್ಮ ಪ್ರೆಸ್ಸಿನಲ್ಲಿ ನಿಯಮ ಬದಲಾಗಿದೆ. ಯಾರ ಮುಖ ಅಚ್ಚಾಗುತ್ತದೋ ಅವರ ಸಹಿ ಬೇಕು, ದುಡ್ಡು ಕೊಡುವವನದ್ದು ಮಾತ್ರ ಸಾಲದು. ಇದರಿಂದ ಕೆಲವು ಗಿರಾಕಿಗಳು ಬೇರೆ ಪ್ರೆಸ್ಸಿಗೆ ಹೋದರು. ಹೋಗಲಿ. ಆ ಹೆಂಗಸು ಮತ್ತೆ ಯಾವತ್ತಾದರೂ ನನ್ನ ಬಾಗಿಲಿಗೆ ಬಂದರೆ ತೋರಿಸಲು ನನ್ನ ಡ್ರಾಯರಿನಲ್ಲಿ ಈಗ ಬೇರೆ ಕಾಗದಗಳು ಉಂಟು. ಅವಳು ಬಂದಿಲ್ಲ. ನೀವು ಬನ್ನಿ. ನೀವು ಬರೆದ ಮೊದಲ ಚಿತ್ರಕಥೆ ತನ್ನಿ, ಕನ್ನಡದಲ್ಲಿದ್ದರೆ ಹತ್ತು ಕಾಪಿ ನಾನು ದುಡ್ಡಿಲ್ಲದೆ ಅಚ್ಚು ಹಾಕಿ ಕೊಡುತ್ತೇನೆ. ಆದರೆ ಆ ಸೀನಿನ ಜಾಗದಲ್ಲಿ "ಹಾಟ್ ಸೀನ್" ಎಂದು ಒಂದೇ ಸಾಲು ಇದ್ದರೆ, ಕಾಗದ ವಾಪಸು ಕೊಟ್ಟು ಕಳಿಸುತ್ತೇನೆ.